ಮಾವನ ಗಾಡಿಯ ದನಿ

ಬೆಳಿಗ್ಗೆಯಿಂದ ನನ್ನ ಬೆರಳಿಗೆ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಿದ ವಾಸನೆ ಹತ್ತಿಕೊಂಡಿದೆ. ಎರಡು ಸಲ ಸಾಬೂನು ಹಚ್ಚಿ ತೊಳೆದೆ, ಹೋಗಲಿಲ್ಲ. ನಿಜ ಹೇಳಬೇಕೆಂದರೆ, ಹೋಗಲಿ ಎಂದು ನಾನೂ ಬಹಳ ತಿಕ್ಕಲಿಲ್ಲ. ಈ ವಾಸನೆ ಮೂಗಿಗೆ ಬಡಿದರೆ ಸಾಕು, ನಮ್ಮ ಮಾವ ಅಂಗಳದಲ್ಲಿ ನಿಂತು ಕಿಕ್ ಹೊಡೆಯುವುದು ಕಣ್ಣಿಗೆ ಕಟ್ಟುತ್ತದೆ.

ಮಾವ ಎಂದರೆ ನನ್ನ ಹೆಂಡತಿಯ ಅಪ್ಪ. ಕೃಷ್ಣೆಯ ನೀರು ನಮ್ಮ ಸೀಮೆಗೆ ಬಂದ ಹೊಸದರಲ್ಲಿ ಕೆಂಭಾವಿ ಕಡೆಯ ಕಾಲುವೆಗೆ ಅವರು ಇನ್‌ಸ್ಪೆಕ್ಟರು. ಅವರ ಗಾಡಿಯ ಹೆಸರು ಹೇಳುವುದಿಲ್ಲ. ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ ಎಂದರೆ ನಿಮ್ಮಲ್ಲಿ ತಲೆ ಬೆಳ್ಳಗಾದವರಿಗೆ ಗೊತ್ತಾಗಿಬಿಡುತ್ತದೆ. ಎಡಗಡೆಯ ಸೈಲೆನ್ಸರಿನಲ್ಲಿ ಒಂದು ತಗ್ಗು ಇತ್ತು, ಯಾವುದೋ ಕಾಲುವೆ ಕಲ್ಲಿಗೆ ಬಡಿದು ಆದದ್ದು. ಅದರಿಂದ ಆ ಗಾಡಿಗೆ ಸುತ್ತಲಿನ ಬೇರಾವ ಗಾಡಿಗೂ ಇಲ್ಲದ ಒಂದು ಒಡಕು ದನಿ ಬಂದಿತ್ತು.

ನೀರು ಬಂದ್ ಇದ್ದ ದಿನಗಳಲ್ಲಿ ಒಣಗಿದ ಕಾಲುವೆ ಎಂದರೆ ಜನಕ್ಕೆ ಹಾಸುಗಲ್ಲಿನ ಅಂಗಳ. ಮೆಣಸಿನಕಾಯಿ ಹರವುವುದು ಅಲ್ಲೇ, ಕುರಿ ತರುಬುವುದು ಅಲ್ಲೇ. ಮತ್ತೆ ನೀರು ಬಿಟ್ಟಾಗ ಅವರಿಗೆ ಸುದ್ದಿ ಮುಟ್ಟಿಸುವವರು ಮಾವ. ನೀರಿಗಿಂತ ಒಂದೆರಡು ಮೈಲಿ ಮುಂದೆ ದಂಡೆಯ ಮೇಲೆ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು. ಹಾರ್ನ್ ಇಲ್ಲ, ಕೂಗಾಟ ಇಲ್ಲ. ಆ ದನಿ ಕೇಳಿದ ಕೂಡಲೇ ಜನ ಗಂಟು ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದರು.

ಮದುವೆಯಾದ ಹೊಸದರಲ್ಲಿ ಒಮ್ಮೆ ನನ್ನನ್ನೂ ಹಿಂದೆ ಕೂಡಿಸಿಕೊಂಡು ಹೋದರು. ಒಂದು ಕಡೆ ನಿಲ್ಲಿಸಿ, "ಇಳೀರಿ ಅಳಿಯಂದ್ರ, ನೋಡ್ರಿ" ಎಂದರು. ನೀರು ಧುಮ್ಮಿಕ್ಕಿ ಬರುತ್ತದೆ ಎಂದುಕೊಂಡಿದ್ದೆ. ಅದು ನಡೆದು ಬಂತು. ಮುಂದೆ ಒಣ ಎಲೆ, ಜಾಲಿ ಮುಳ್ಳು, ಬಿಳಿ ನೊರೆ. ಅವನ್ನೆಲ್ಲ ತಳ್ಳಿಕೊಂಡು ಹಿಂದೆ ಮಣ್ಣು ಬಣ್ಣದ ನೀರು. ಕಾದ ಕಲ್ಲು ಅದನ್ನು ಕುಡಿಯುವ ಸದ್ದು ದಂಡೆಯ ಮೇಲಿದ್ದ ನನಗೂ ಕೇಳಿಸಿತು. ನಾನು ಬಾವಿಯಿಂದ ಕೊಡ ಕೊಡ ಸೇದಿ ಬೆಳೆದವನು. ಇಷ್ಟು ನೀರು ತಾನಾಗಿ ಊರು ಹುಡುಕಿಕೊಂಡು ಬರುವುದನ್ನು ಕಂಡು ಮೈ ಜುಮ್ಮೆಂದಿತು, ಕೈ ಮುಗಿದೆ. ಪಕ್ಕಕ್ಕೆ ನೋಡಿದರೆ, ಎಷ್ಟೋ ಸಲ ನೋಡಿದ್ದ ಮಾವನೂ ಟೊಪ್ಪಿಗೆ ತೆಗೆದು ನಿಂತಿದ್ದರು.

ಅವರದೊಂದು ವಿಚಿತ್ರ ಹಟವಿತ್ತು. ಹಿಂದಿನಿಂದ ನೀರು ಬರುತ್ತಿರದಿದ್ದರೆ ದಂಡೆಗೆ ಗಾಡಿ ಹತ್ತಿಸುತ್ತಿರಲಿಲ್ಲ. ಬಂದ್ ದಿನಗಳಲ್ಲಿ ಕಾಲುವೆ ನೋಡಲು ಸೈಕಲ್. ಕೆಂಭಾವಿ ಸಂತೆಗೆ ದಂಡೆಯ ದಾರಿ ಅರ್ಧಕ್ಕರ್ಧ ಹತ್ತಿರ. ಆದರೂ ಡಾಂಬರು ರಸ್ತೆಯಲ್ಲೇ ಸುತ್ತು ಹಾಕುವರು. "ಯಾಕ್ರಿ ಮಾವ?" ಎಂದರೆ "ಇರಲಿ ಬಿಡ್ರಿ" ಎನ್ನುವರು. ಮಾಸ್ತರಿಕೆಯ ಜಾಣತನ ನನ್ನದು. ಶಾಲೆಯಲ್ಲಿ ಚಹಾ ಕುಡಿಯುವಾಗ ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ.

ಮಾವ ತೀರಿಕೊಂಡ ಮೇಲೆ ಗಾಡಿ ಕೊಟ್ಟಿಗೆ ಸೇರಿತು, ಅದರ ಸೀಟು ಕೋಳಿ ಮೊಟ್ಟೆ ಇಡುವ ಜಾಗವಾಯಿತು. ನಾನು ರಿಟೈರಾದ ವರ್ಷ ಒಂದು ದಿನ ಹೆಂಡತಿ, "ಅಪ್ಪಂದು ಫೋಟೊ ಅದ, ದನಿ ಇಲ್ಲ. ಆ ಗಾಡಿ ಒಮ್ಮೆ ಒದರಿದ್ರ ಅಪ್ಪ ಮನಿಗಿ ಬಂದಂಗ ಆಗ್ತದ" ಎಂದಳು. ಅವಳು ಬಾಯಿಬಿಟ್ಟು ಏನನ್ನೂ ಬೇಡಿದವಳಲ್ಲ. ಮರುದಿನವೇ ಗಾಡಿಯನ್ನು ಶಹಾಪುರದ ಖಾಸಿಂ ಮಿಸ್ತ್ರಿಯ ಮುಂದೆ ಇಳಿಸಿದೆ.

ಮಿಸ್ತ್ರಿಗೆ ಕಿವಿ ಮಂದ. ಓಡುವ ಎಂಜಿನ್ನಿನ ಮೇಲೆ ಸ್ಕ್ರೂಡ್ರೈವರಿನ ತುದಿ ಊರಿ, ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಒಳಗೆ ಯಾವುದು ಸವೆದಿದೆ ಎಂದು ಹೇಳುತ್ತಾರೆ. ನಾನು ನೋಡಿದಂತೆ ಒಮ್ಮೆಯೂ ತಪ್ಪಿಲ್ಲ. ಆರು ತಿಂಗಳು ದುಡಿದರು. ನನಗೋ ಉತ್ಸಾಹ ಹೆಚ್ಚಾಗಿ, ಅವರಿಗೆ ಹೇಳದೆ ತುಕ್ಕು ಹಿಡಿದ ಸೈಲೆನ್ಸರುಗಳನ್ನು ಗುಜರಿಗೆ ಹಾಕಿ, ಮುಖ ಕಾಣುವಂಥ ಹೊಸ ಜೋಡಿ ತಂದು ಕೂಡಿಸಿದೆ. ಗಾಡಿ ಮೊದಲ ಕಿಕ್ಕಿಗೇ ಎದ್ದಿತು. ಮಿಸ್ತ್ರಿ ಹಿಡಿ ಕಚ್ಚಿ ಕೇಳಿದರು. ಮುಖ ಸಪ್ಪಗಾಯಿತು.

"ಮಾಸ್ತರ, ಚಾಂದಿ ಹಂಗ ಹೊಳೀತದ ಖರೆ, ಗಾಡಿ ಗೂಂಗಾ ಆಗ್ಯದ. ಮಾತೇ ಬರವಲ್ದು. ಆ ತಗ್ಗಿಂದು ಸೈಲೆನ್ಸರ್ ಎಲ್ಲದ?"

ಗುಜರಿ ಅಂಗಡಿಯ ಹಿತ್ತಿಲಲ್ಲಿ ಮೂರು ದಿನ ತಡಕಾಡಿದೆ. ಬಲಗಡೆಯದು ಬೇಗ ಸಿಕ್ಕಿತು. ಎಡಗಡೆಯದು ನಾನು ದಿನಾ ತಳ್ಳಿ ಒಳಗೆ ಹೋಗುತ್ತಿದ್ದ ತಗಡಿನ ಬಾಗಿಲಿಗೇ ಆನಿಕೆಯಾಗಿ ನಿಂತಿತ್ತು! ಮಿಸ್ತ್ರಿ ಅದನ್ನು ಬೆಂಕಿಗೆ ಹಿಡಿದು ಮಸಿ ಉದುರಿಸಿದರು, ತಗ್ಗನ್ನು ಮಾತ್ರ ಮುಟ್ಟಲಿಲ್ಲ. ಸಂಜೆ ಮನೆಯ ಅಂಗಳದಲ್ಲಿ ಕಿಕ್ ಹೊಡೆದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಹಿಟ್ಟಿನ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಳು. ಅಳುತ್ತಿದ್ದಳು.

ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಸೀದಾ ಕೆಂಭಾವಿ ಕಡೆಯ ದಂಡೆಗೆ ಹತ್ತಿಸಿದೆ. ನೀರು ಬಂದ್ ಇತ್ತು, ಕಾಲುವೆಯ ಉದ್ದಕ್ಕೂ ಕೆಂಪಗೆ ಮೆಣಸಿನಕಾಯಿ. ದನಿ ಮುಟ್ಟಿದ್ದೇ ತಡ, ಒಬ್ಬ ಮುದುಕಿ ತಲೆ ಎತ್ತಿ ಸಹ ನೋಡದೆ ಎರಡೂ ಕೈಯಿಂದ ಕಾಯಿ ಬಾಚಿ ಚೀಲಕ್ಕೆ ತುಂಬತೊಡಗಿದಳು. "ಏಳ್ರೇ, ಮ್ಯಾಲ ಹತ್ರೇ! ನೀರು ಬಂತು!" ಎಂದು ಒದರಿದಳು. ಹರೆಯದ ಹೆಂಗಸರು ಏನೊಂದೂ ತಿಳಿಯದೆ ಅವಳ ಹಿಂದೆ ಚೀಲ ಎಳೆದುಕೊಂಡು ಇಳಿಜಾರು ಹತ್ತಿದರು.

ಗಾಡಿ ನಿಲ್ಲಿಸಿದೆ. ಮುದುಕಿ ಏದುಸಿರು ಬಿಡುತ್ತ ಕೇಳಿದಳು: "ನೀರು ಎಲ್ಲಿತನ ಬಂದದ್ರಿ?"

"ನೀರಿಲ್ಲವ್ವ. ನಾ ಸುಮ್ನ ಬಂದೀನಿ."

ಅವಳು ನನ್ನನ್ನು ನೋಡಲಿಲ್ಲ, ಗಾಡಿಯನ್ನು ನೋಡಿದಳು. "ಸುಮ್ನ ಬರಾ ಗಾಡಿ ಅಲ್ಲಪ ಇದು" ಎಂದಳು.

ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. ಮಾವ ಯಾಕೆ ಸುತ್ತು ಹಾಕಿ ಹೋಗುತ್ತಿದ್ದರೆಂದು ಆಗ ತಿಳಿಯಿತು. ಅವರು ಹೋಗಿ ಇಷ್ಟು ವರ್ಷವಾದರೂ ಒಬ್ಬ ಮುದುಕಿ ಕಣ್ಣೆತ್ತದೆ ನಂಬುವ ದನಿ! ಮೊದಲ ಸಲ ನೀರು ನೋಡಿದ ದಿನದಂತೆಯೇ ಮೈ ಜುಮ್ಮೆಂದಿತು. ಆ ದನಿಯಿಂದ ಮೊದಲ ಸುಳ್ಳು ಹೇಳಿಸಿದವನು ನಾನು. ಕಾಲುವೆಗೆ ಇಳಿದು, ಅವಳ ಕಾಯಿಯನ್ನೆಲ್ಲ ಮತ್ತೆ ಹರವಿದೆ. ಕೈ ಎರಡು ದಿನ ಉರಿಯಿತು. ಗಾಡಿಯನ್ನು ಅಲ್ಲಿ ಮತ್ತೆ ಚಾಲೂ ಮಾಡುವ ಧೈರ್ಯವಾಗಲಿಲ್ಲ; ಡಾಂಬರು ರಸ್ತೆಯವರೆಗೆ ಆ ಹೆಂಗಸರೇ ನಗುತ್ತ ನೂಕಿಕೊಟ್ಟರು. ಹಿಂದಿರುಗುವಾಗ ಕಾಲುವೆಯ ತೂಬಿನವನಿಗೆ, ನೀರು ಬಿಟ್ಟ ದಿನ ತಿಳಿಸು ಎಂದು ನನ್ನ ಫೋನ್ ನಂಬರು ಕೊಟ್ಟು ಬಂದೆ.

ಇವತ್ತು ಬೆಳಿಗ್ಗೆ ಅವನ ಫೋನ್ ಬಂತು. ಅದಕ್ಕೇ ಈ ಕೈಯ ವಾಸನೆ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಾಳೆ. ದಂಡೆಯ ಬುಡದಲ್ಲಿ ನಿಂತಿದ್ದೇವೆ.

"ಹಿಂದ ನೀರು ಬರಾಕತ್ತದಲ್ರಿ? ಖಾತ್ರಿ?" ಎಂದು ಕೇಳುತ್ತಾಳೆ, ಅಪ್ಪನಿಗೆ ತಕ್ಕ ಮಗಳು.

ಗಾಡಿಯಿಂದ ಇಳಿದು, ದಂಡೆಯ ಮೇಲೆ ಹಿಂದಕ್ಕೆ ನಡೆದು ಹೋಗಿ, ನೀರನ್ನು ಕಣ್ಣಾರೆ ನೋಡಿ ಬಂದೆ. ಆಮೇಲೆ ಕಿಕ್ ಹೊಡೆದೆ.