ಆಕೆಗಾಗಿ ಮೂಸಿದ ಗೊಬ್ಬರ

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಅಂಗೈ ತುಂಬ ಕರಿ ಗೊಬ್ಬರ ಹಿಡಿದು ಆಕೆ ನನ್ನ ಮೂಗಿನ ಹತ್ತಿರ ತರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಎಂಗದೆ ವಾಸ್ನೆ, ಯೋಳಿ ಯಜಮಾನ್ರೆ" ಅನ್ನುತ್ತಿದ್ದಳು. ಯಾವುದೋ ಜ್ವರ ಬಂದು ಹೋದ ಮೇಲೆ ಆಕೆಗೆ ವಾಸನೆ ತಿಳಿಯುತ್ತಿರಲಿಲ್ಲ.

ನಂಜನಗೂಡಿನ ಹತ್ತಿರದ ನಮ್ಮೂರಲ್ಲಿ, ನನ್ನ ಪಾಲಿಹೌಸಿನ ಬೇಲಿಯಾಚೆ ಆಕೆ ಹಂದಿ ಸಾಕಿಕೊಂಡಿದ್ದಳು. ನನ್ನದು ದಪ್ಪ ಮೆಣಸಿನಕಾಯಿ ಬೆಳೆ. ದನದ ಗೊಬ್ಬರ ಸಾಲದೆ ಒದ್ದಾಡುತ್ತಿದ್ದಾಗ, "ನಮ್ ಅಂದಿ ಗೊಬ್ರ ಆಕಿ ನೋಡಿ. ಗಿಡ ಏನ್ ಜಾತಿ ಕೇಳ್ತದಾ" ಎಂದಳು. ನಮ್ಮದು ಲಿಂಗ ಕಟ್ಟಿದ ಮನೆತನ. ಆದರೂ ಒಪ್ಪಿದೆ. ಊರಿಗೆ ಮಾತ್ರ ದನದ ಗೊಬ್ಬರವೆಂದೇ ಹೇಳಿದೆ.

ಮೊದಲ ಸಲ ಅವಸರಪಟ್ಟು ಅರೆಕೊಳೆತ ಗೊಬ್ಬರ ಹಾಕಿದೆವು. ಮುಚ್ಚಿದ ಪಾಲಿಹೌಸಿನಲ್ಲಿ ಕಣ್ಣುರಿಯುವ ಘಾಟೆದ್ದು ಎಲೆಗಳ ಅಂಚೆಲ್ಲ ಸುಟ್ಟಿತು. ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಆಕೆ ಒಂದೊಂದೇ ಎಲೆ ತಿರುಗಿಸಿ ನೋಡುತ್ತ, "ಕೆಳಗಿನೆಲೆ ಯಾಕೆ ಮೊದ್ಲು ಬೆಂದೋ?" ಎಂದು ನನ್ನನ್ನೇ ಕೇಳುತ್ತಿದ್ದಳು. ಆಮೇಲೆ ಕಬ್ಬಿನ ತರಗು ಬೆರೆಸಿ, ಗುಡ್ಡೆ ಹಾಕಿ, ಮಗುಚಿ ಮಗುಚಿ ಕೊಳೆಸಿದಳು. ತೆಂಗಿನ ಚಿಪ್ಪಿಗೆ ಆ ಗೊಬ್ಬರ ತುಂಬಿ ರಾಗಿ ಬಿತ್ತುವಳು. ಹಸಿರಾಗಿ ಮೊಳೆತರೆ ಹದವಾಯಿತೆಂದು ಲೆಕ್ಕ. ಕೊನೆಯ ಪರೀಕ್ಷೆ ನನ್ನ ಮೂಗಿನದು. ಹದವಾದ ಗೊಬ್ಬರ ಆಗತಾನೆ ಉತ್ತ ಹೊಲದ ಹಾಗೆ ಘಮ್ಮೆನ್ನುತ್ತಿತ್ತು. ಹಾಗೆಂದಾಗ ಆಕೆ ಕಣ್ಣು ಮುಚ್ಚಿ ಆ ವಾಸನೆಯನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದಳು. ಆ ವರ್ಷದ ಒಂದೊಂದು ಕಾಯಿಯೂ ಅಂಗೈಯಲ್ಲಿ ಹಿಡಿಸದಷ್ಟು ದಪ್ಪವಿತ್ತು.

ಅಷ್ಟರಲ್ಲಿ ಪಕ್ಕದಲ್ಲಿ ಹೊಸ ಮನೆಗಳೆದ್ದವು. ಗುಡ್ಡೆ ನಾರುತ್ತದೆ, ಹಂದಿ ಎತ್ತಿಸಿ ಎಂದು ದೂರು ಹೋಯಿತು. ಪಂಚಾಯಿತಿಯವರು ಬಂದು ಆಕೆಯನ್ನು ಕೇಳಿದರು.

"ನಂಗೆ ತಿಳಿಯಾಕಿಲ್ಲ ಸಾ. ಯಜಮಾನ್ರು ದಿನಾ ಮೂಸವ್ರೆ, ಅವ್ರು ಯೋಳಿದಂಗೆ" ಎಂದು ನನ್ನ ಕಡೆ ತಿರುಗಿದಳು.

"ಏನ್ ಯಜಮಾನ್ರೆ, ಅಂದಿ ಗೊಬ್ರ ಮೂಸಾಕೆ ಸುರು ಮಾಡ್ಕಂಡ್ರಾ?" ಎಂದು ಮೆಂಬರೊಬ್ಬ ನಕ್ಕ. ಹಿಂದೆ ನಮ್ಮ ನೆಂಟರು ನಿಂತಿದ್ದರು. ಆ ಮೆಣಸಿನಕಾಯಿ ಅವರ ಅಡುಗೆಮನೆಗೂ ಹೋಗಿತ್ತು.

"ಇವಳ ಗೊಬ್ಬರಕ್ಕೂ ನನಗೂ ಏನಯ್ಯ ಸಂಬಂಧ? ನಾರ್ತದೆ, ಎತ್ಸಿ" ಎಂದೆ. ಗುಡ್ಡೆಯಿಂದ ಮಣ್ಣಿನ ವಾಸನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಮಾರನೇ ದಿನ ಒಂದು ಹಿಡಿ ಗೊಬ್ಬರದೊಂದಿಗೆ ಬಂದಳು. "ಎಲ್ಲಿ ತಪ್ದೆ ಅಂತ ಗೊತ್ತಾಯ್ತಿಲ್ಲ. ಯಾವ ತರದ ನಾತ ಯಜಮಾನ್ರೆ? ಕೊಳ್ತದ್ದಾ, ಘಾಟಾ?"

ನನ್ನ ಮಾತನ್ನು ಆಕೆ ನಂಬಿದ್ದಳು.

"ಕೊಳ್ತದ್ದು" ಎಂದೆ.

ಹಂದಿಗಳನ್ನು ಲಾರಿಗೆ ಹತ್ತಿಸುವ ದಿನದವರೆಗೂ ಆ ಗುಡ್ಡೆಯನ್ನು ಮಗುಚುತ್ತಲೇ ಇದ್ದಳು. ಆಮೇಲೆ ತಿ. ನರಸೀಪುರದಲ್ಲಿದ್ದ ಮಗಳ ಮನೆ ಸೇರಿ, ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದಳಂತೆ. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಬಸ್ಸು ಹತ್ತಿದ್ದರೆ ಸಾಕಿತ್ತು, ನಾನು ಹತ್ತಲಿಲ್ಲ. ತಪ್ಪಾಯಿತು ಎಂದು ನಾನು ಹೇಳಬೇಕಾಗಿದ್ದುದು ಒಬ್ಬಳಿಗೇ, ಬೇಲಿಯಾಚೆ ಹಂದಿ ಸಾಕುತ್ತಿದ್ದ ಆ ಅಕ್ಕನಿಗೆ.