ದೇವರಂಥ ಗಂಡ

ನೇಸರಗಿಯಲ್ಲಿ ಇವತ್ತಿಗೂ ಯಾರಾದರೂ ನನ್ನ ಗಂಡನನ್ನು ದೇವರಂಥ ಮನುಷ್ಯ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಲ್ಲಿ ಬೆರಳಿಟ್ಟರೂ ಕಚ್ಚದವನು ಎಂದು ಹೇಳಿಯೇ ನಮ್ಮಪ್ಪನ ಮುಂದೆ ಸಂಬಂಧ ತಂದಿದ್ದರು. ಕಚ್ಚಲಿಲ್ಲ, ನಿಜ. ನಾಲಗೆಯ ಕೆಳಗೆ ಅಫೀಮಿನ ಗುಳಿಗೆ ಇಟ್ಟುಕೊಂಡವನು ಯಾರನ್ನು ಕಚ್ಚುತ್ತಾನೆ?

ಆ ಮನೆಯಲ್ಲಿ ಕಾವಲೆಲ್ಲ ನನ್ನ ಮೈದುನನ ಮೇಲೆ. ಮೂಗಿನ ತುದಿಯಲ್ಲೇ ಸಿಟ್ಟು, ಎತ್ತಿನ ಸಂಗಡವೂ ಜಗಳವಾಡುವ ಆಸಾಮಿ. ಕೆಟ್ಟರೆ ಇವನೇ ಕೆಡುವವನು ಎಂದು ಅತ್ತೆ ಅವನನ್ನು ಸಂತೆಗೆ ಒಬ್ಬನನ್ನೇ ಬಿಡುತ್ತಿರಲಿಲ್ಲ. ಹಿರಿಯ ಮಗ ಮೆತ್ತಗಿನವನು, ಅವನದೇನು ಭಯ ಎಂದು ಬೈಲಹೊಂಗಲಕ್ಕೆ ವಾರವಾರವೂ ಅವನನ್ನೇ ಕಳಿಸಿದರು. ಆಗ ಸರಕಾರದ ಪರವಾನಗಿ ಪಡೆದ ಅಫೀಮಿನ ಅಂಗಡಿ ಇದ್ದದ್ದೂ ಅಲ್ಲಿಯೇ. ಮೈದುನನಿಗೂ ಗೆಳೆಯರು ಒಮ್ಮೆ ತಿನ್ನಿಸಿದ್ದರಂತೆ. ಕಹಿ ಹತ್ತಿತೆಂದು ಥೂ ಎಂದು ಉಗುಳಿ, ಕೊಟ್ಟವನ ಕೆನ್ನೆಗೆ ಬಾರಿಸಿ ಬಂದ. ನನ್ನ ಗಂಡನಿಗೆ ಉಗುಳಲು ಬರಲಿಲ್ಲ. ಕೊಟ್ಟವರಿಗೆ ಬೇಜಾರಾದೀತೆಂದು ನುಂಗಿದ. ಆಮೇಲೆ ಬೇಕೆಂದೇ ನುಂಗಿದ. ಅತ್ತೆಗೂ ನನಗೂ ಒಂದು ಮಾತು ಬೆಳೆದರೆ ಸಾಕು, ಅವನ ಕೈ ಸೊಂಟಕ್ಕೆ ಕಟ್ಟಿದ ಅಫೀಮಿನ ಚಂಚಿಗೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಣ್ಣು ಅರೆಮುಚ್ಚಿ ಇಬ್ಬರನ್ನೂ ನೋಡಿ ನಗುತ್ತ ಕೂತಿರುತ್ತಿದ್ದ. ಅತ್ತೆಗೆ ಅದು ಶಾಂತ ಸ್ವಭಾವ. ಅದು ಸ್ವಭಾವವಲ್ಲ, ಚಟ ಎಂದ ನಾನು ಗಯ್ಯಾಳಿ. ಇರಲಿ, ಗಯ್ಯಾಳಿಯೇ.

ಮಗಳು ಹುಟ್ಟಿದಳು, ನನ್ನದೇ ಗಂಟಲು. ಹತ್ತಿ ಬಿಡಿಸುವ ಕಾಲಕ್ಕೆ ಅವಳಿನ್ನೂ ಎಳೆಗೂಸು. ಹೊಲಕ್ಕೆ ಹೋಗುವ ಹೆಂಗಸರು ಕೂಸಿಗೆ ಚೂರು ಅಫೀಮು ನೆಕ್ಕಿಸಿ ತೊಟ್ಟಿಲಿಗೆ ಹಾಕಿ ಹೋಗುವುದು ಆಗ ಎಲ್ಲ ಮನೆಗಳಲ್ಲೂ ಇತ್ತು. ನನ್ನ ಗಂಡನನ್ನೂ ಅತ್ತೆ ಹಾಗೆಯೇ ಬೆಳೆಸಿದ್ದರು. ಅವನು ಅತ್ತದ್ದೇ ಗೊತ್ತಿಲ್ಲ ಎಂದು ಹೆಮ್ಮೆಪಡುತ್ತಿದ್ದರು. ನನ್ನ ಮಗಳ ಬಾಯಿಗೆ ಅದನ್ನು ಹಚ್ಚಿದರೆ ಕೈ ಮುರಿಯುತ್ತೇನೆ ಎಂದು ನಾನು ಮೊದಲೇ ಹೇಳಿದ್ದೆ. ಅತ್ತೆ ಹೆದರಿ ಆ ಗೋಜಿಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಹಾಲೂಡಿಸಲು ಹೊಲದಿಂದ ಬಂದರೆ ಮನೆ ಗಪ್‌ಚಿಪ್. ತೊಟ್ಟಿಲಿನಿಂದ ಮಗಳನ್ನು ಎತ್ತಿದೆ, ಕತ್ತು ಜೋತುಬಿತ್ತು. ಮೊಲೆ ಬಾಯಿಗಿಟ್ಟರೆ ಹಿಡಿಯಲಿಲ್ಲ. ತುಟಿ ನೀಲಿಗಟ್ಟಿತ್ತು. ಅತ್ತೆ ನೀರಿಗೆ ಹೋಗಿದ್ದರು. ತೊಟ್ಟಿಲ ಹಗ್ಗ ಹಿಡಿದು ಕೂತಿದ್ದವನು ನನ್ನ ಗಂಡ.

“ಭಾಳ ಅಳಾಕತ್ತಿತ್ತು,” ಅಂದ. “ನನಗ ಕೇಳಾಕ ಆಗಲಿಲ್ಲ. ಒಂದ ಚೂರ ನೆಕ್ಕಿಸೇನಿ.”

ಎಷ್ಟು ಮೃದುವಾಗಿ ಹೇಳಿದ, ಹಾಳಾದವನು! ಸುಡಲಿ ಅವನ ಮೃದುತನ.

ಕೂಸನ್ನು ಅಂಗಳಕ್ಕೆ ಒಯ್ದು ಮುಖಕ್ಕೆ ತಣ್ಣೀರು ಎರಚಿದೆ, ಅಂಗಾಲಿಗೆ ಹೊಡೆದೆ, ಚಿವುಟಿದೆ. ನನ್ನ ಕೂಗು ಕೇಳಿ ಮೈದುನ ಓಡಿಬಂದ. ಇಳಿಹೊತ್ತಿನ ತನಕ ಇಬ್ಬರೂ ಸೇರಿ ಅದನ್ನು ಮಲಗಗೊಡಲಿಲ್ಲ. ಕಡೆಗೊಮ್ಮೆ ಕುಂಯ್ ಎಂದಿತು, ಆಮೇಲೆ ಓಣಿಗೆಲ್ಲ ಕೇಳುವಂತೆ ಕಿರುಚಿತು. ನನಗೆ ಹೋದ ಜೀವ ಬಂತು. ಒಳಗೆ ನೋಡಿದರೆ ನನ್ನ ಗಂಡ, ಆ ಅಳು ತಾಳಲಾರದೆ, ಮತ್ತೆ ಚಂಚಿ ಬಿಚ್ಚುತ್ತಿದ್ದ. ಇನ್ನು ಈ ಮನೆಯಲ್ಲಿ ಕೂಸು ಉಳಿಯುವುದಿಲ್ಲ ಎಂದು ಆಗಲೇ ತಿಳಿಯಿತು. ಮರುದಿನ ಮೈದುನ ಅಣ್ಣನನ್ನು ಬೈಯುತ್ತಲೇ ಚಕ್ಕಡಿ ಹೂಡಿದ.

ಮನೋಳಿಯ ತವರಿನಲ್ಲಿ ನನ್ನಣ್ಣ ಬಾಗಿಲಲ್ಲೇ ವಿಚಾರಣೆ ಸುರುಮಾಡಿದ. ಹೊಡೆದನೇ? ಇಲ್ಲ. ಬೈದನೇ? ಇಲ್ಲ. ಉಪವಾಸ ಕೆಡವಿದನೇ? ಅದೂ ಇಲ್ಲ.

“ಮತ್ತ ಅಂಥಾ ಗಂಡನ್ನ ಬಿಟ್ಟು ಯಾಕ ಬಂದಿ?” ಎಂದ.

ಕಂಕುಳಲ್ಲಿ ಮಗಳು ಹಸಿವಿಗೆ ಚೀರುತ್ತಿದ್ದಳು. ಅವಳನ್ನು ಸಮಾಧಾನ ಮಾಡಲು ನಾನು ಹೋಗಲಿಲ್ಲ.

“ಇದು ಅಳಲಿ ಅಂತ ಬಂದೇನಿ,” ಅಂದೆ.