ಕ್ಯಾಲೆಂಡರ್ ಹಾಳೆಯ ಐದು ಶಬ್ದಗಳು

ಅಂದು ಬೆಳಿಗ್ಗೆಯೂ ನನ್ನ ಗಂಡ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದು, ಅದರ ಬೆನ್ನಿಗೆ ಐದು ಇಂಗ್ಲಿಷ್ ಶಬ್ದ ಬರೆದರು. ಮದುವೆಯಾದ ಮೇಲೆ ಮೆಟ್ರಿಕ್ ಪರೀಕ್ಷೆಗೆ ಕಟ್ಟಿದ್ದ ನಾನು ಅವುಗಳ ಕೊನೆಗೆ ‘ನೆಸ್’, ‘ಮೆಂಟ್’, ‘ಷನ್’ ಏನಾದರೊಂದು ಸೇರಿಸಿ ನಾಮಪದ ಮಾಡಬೇಕಿತ್ತು. ದಿನವೂ ಸಂಜೆ ಅವರು ಥಾಣೆಯ ಆಫೀಸಿನಿಂದ ಡೊಂಬಿವಲಿಯ ಮನೆಗೆ ಬಂದು, ಚಹಾ ಕುಡಿಯುತ್ತಾ ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು.

“ಎಲ್ಲದಕ್ಕೂ ನೆಸ್ ಹಾಕ್ಬೇಡ ಮಾರಾಯ್ತಿ, ಅದೆಂತ ಉಪ್ಪಾ?” ಎಂದರು, ಆಫೀಸಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಾ.

“ನೀವು ಕೊಡುವ ಶಬ್ದವೇ ಸಪ್ಪೆ. ನಾನೆಂತ ಮಾಡ್ಲಿ?” ಎಂದೆ.

ನಗುತ್ತಲೇ ಲೋಕಲ್ ರೈಲು ಹಿಡಿಯಲು ಹೋದರು.

ಮಧ್ಯಾಹ್ನ ಪಾತ್ರೆ ತೊಳೆದು ಬರೆಯಲು ಕುಳಿತೆ. ‘ಮೂವ್’ ಮುಂದೆ ‘ಮೆಂಟ್’ ಬರಬೇಕೆಂದು ಗೊತ್ತಿತ್ತು. ಆದರೂ ಅವರು ಬೈಯಲಿ ಎಂದೇ ಐದಕ್ಕೂ ‘ನೆಸ್’ ಹಾಕಿ, ಹಾಳೆಯನ್ನು ಚಹಾದ ಡಬ್ಬಿಯ ಕೆಳಗಿಟ್ಟು ಕಾದೆ.

ಆ ಸಂಜೆ ಅವರು ಕಿಕ್ಕಿರಿದ ಲೋಕಲ್‌ನ ಬಾಗಿಲಿನಿಂದ ಜಾರಿ ಬಿದ್ದು ತೀರಿಕೊಂಡರು.

ಮರುವರ್ಷ ಪರೀಕ್ಷೆ ಪಾಸಾದೆ. ಮುಂದೆ ಬೇಲಾಪುರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದೆ. ಅಲ್ಲಿ ಅಂಥ ಶಬ್ದಗಳನ್ನು ದಿನವೂ ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದೆ. ಯಾರೂ ನೋಡಿ ನಗುತ್ತಿರಲಿಲ್ಲ. ಆ ಹಾಳೆ ಈಗಲೂ ನನ್ನ ಬಳಿಯಿದೆ. ಅದರ ಮೇಲೆ ಕೆಂಪು ಗೆರೆ ಇಲ್ಲ.